ವಲಸೆ ಬಂದ ಅರಬ್ ದಂಪತಿಗಳಿಗೆ ದಾಂಪತ್ಯ ಶಿಕ್ಷಣ: ಅವರ ಸಂಸ್ಕೃತಿಯನ್ನರಿತು ತರಗತಿ ಕಟ್ಟುವ ಬಗೆ

ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ನಗರದಲ್ಲಿ ಇಂದು ಅರ್ಧಕ್ಕೂ ಹೆಚ್ಚು ನಿವಾಸಿಗಳು ಅರಬ್ ಮೂಲದವರು. ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಂಡು ಬಂದ ಲೆಬನಾನಿನವರು ಮತ್ತು ಯೆಮೆನಿಗಳು, 1991ರ ಕೊಲ್ಲಿ ಯುದ್ಧದ ನಂತರ ಬಂದ ಇರಾಕಿಗಳು, 2011ರ ನಂತರ ಮನೆಮಠ ಕಳೆದುಕೊಂಡ ಸಿರಿಯನ್ನರು, ಹೀಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣಕ್ಕೆ ಬಂದವರು ಡೆಟ್ರಾಯಿಟ್ ಸುತ್ತಮುತ್ತಲಿನ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಇವರ ನಡುವೆ ದಂಪತಿಗಳಿಗಾಗಿ ತರಗತಿ ನಡೆಸಲು ಹೊರಟವರ ಕೈಗೆ ಮೊದಲು ಸಿಗುವುದು ಇಂಗ್ಲಿಷಿನ ಸಿದ್ಧ ಪಠ್ಯಕ್ರಮ. 2005ರ ಡೆಫಿಸಿಟ್ ರಿಡಕ್ಷನ್ ಕಾಯ್ದೆಯ ಮೂಲಕ ಅಮೆರಿಕದ ಕೇಂದ್ರ ಸರ್ಕಾರ ಆರೋಗ್ಯಕರ ದಾಂಪತ್ಯ ಮತ್ತು ತಂದೆಯ ಹೊಣೆಗಾರಿಕೆಯ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ಕೋಟಿ ಡಾಲರ್ ಮೀಸಲಿಟ್ಟ ಮೇಲೆ ಇಂಥ ಪಠ್ಯಗಳು ದೇಶದ ತುಂಬ ಬಳಕೆಗೆ ಬಂದವು.

ಈ ಪಠ್ಯಗಳಲ್ಲಿ ಒಳ್ಳೆಯ ಸರಕು ಬಹಳಷ್ಟಿದೆ. ಆದರೆ ಅವುಗಳ ಅಡಿಪಾಯದಲ್ಲಿ ಕೆಲವು ನಂಬಿಕೆಗಳಿವೆ: ಗಂಡ, ಹೆಂಡತಿ ಇಬ್ಬರೇ ಸೇರಿ ಒಂದು ಘಟಕ, ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುವುದೇ ಒಳ್ಳೆಯ ಮಾತುಕತೆ, ಹೆತ್ತವರು ನಡುವೆ ಬಾರದಂತೆ ಗೆರೆ ಎಳೆಯುವುದೇ ಪ್ರೌಢತೆ. ಅರಬ್ ಕುಟುಂಬವೊಂದಕ್ಕೆ ಈ ಮೂರೂ ಅಪರಿಚಿತ. ಪಠ್ಯವನ್ನು ಎಷ್ಟೇ ಚೆನ್ನಾಗಿ ಅರೇಬಿಕ್‌ಗೆ ಅನುವಾದಿಸಿದರೂ ಈ ನಂಬಿಕೆಗಳು ಹಾಗೇ ಉಳಿಯುತ್ತವೆ, ಎರಡನೆಯ ವಾರಕ್ಕೆ ಕುರ್ಚಿಗಳು ಖಾಲಿಯಾಗುತ್ತವೆ. ಬಂದ ದಂಪತಿಯ ಹಿಂದೆ ಎರಡು ಮನೆತನಗಳು ನಿಂತಿರುತ್ತವೆ ಎಂಬುದನ್ನು ಒಪ್ಪಿಕೊಂಡು ತರಗತಿಯನ್ನು ಕಟ್ಟಬೇಕು, ಹಾಗೆ ಕಟ್ಟುವಾಗ ಮಾಡುವ ಪ್ರತಿಯೊಂದು ಹೊಂದಾಣಿಕೆಯೂ ಮನೆಯಲ್ಲಿ ಬಲ ಕಡಿಮೆಯಿರುವವರ ಸುರಕ್ಷತೆಗೆ ಧಕ್ಕೆ ತರದಂತೆ ನೋಡಿಕೊಳ್ಳಬೇಕು ಎಂಬುದು ಈ ಮಾರ್ಗದರ್ಶಿಯ ನಿಲುವು. ಅಮೆರಿಕ, ಕೆನಡಾ, ಬ್ರಿಟನ್ ಮುಂತಾದೆಡೆ ಆಪ್ತಸಮಾಲೋಚನೆ, ನರ್ಸಿಂಗ್, ಸಮಾಜಕಾರ್ಯಗಳಲ್ಲಿ ತೊಡಗಿರುವ ಕನ್ನಡಿಗರಿಗೆ ಈ ಕೆಲಸ ಎದುರಾಗುವ ಸಂದರ್ಭಗಳು ಹೆಚ್ಚುತ್ತಿರುವುದರಿಂದ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಬರುವವರು ಯಾರೆಂದು ತಿಳಿಯಿರಿ

ಅರಬ್ ಲೀಗಿನಲ್ಲಿ 22 ದೇಶಗಳಿವೆ. ಮೊರಾಕೊದ ನಗರವೊಂದರ ಶಿಕ್ಷಕಿಗೂ ಯೆಮೆನಿನ ಬೆಟ್ಟದ ಹಳ್ಳಿಯ ರೈತನ ಮಗಳಿಗೂ ಇರುವ ಸಾಮ್ಯ ನಾವು ಹೊರಗಿನಿಂದ ಊಹಿಸುವುದಕ್ಕಿಂತ ಬಹಳ ಕಡಿಮೆ. ಒಬ್ಬರ ಆಡುಮಾತು ಇನ್ನೊಬ್ಬರಿಗೆ ಅರ್ಥವಾಗುವುದೇ ಕಷ್ಟ. ಅರಬ್ಬರೆಲ್ಲ ಮುಸ್ಲಿಮರು ಎಂಬ ಎಣಿಕೆಯಂತೂ ಶುದ್ಧ ತಪ್ಪು. 1880ರ ದಶಕದಿಂದ ಅಮೆರಿಕಕ್ಕೆ ಬಂದ ಮೊದಲ ಅರಬ್ ವಲಸಿಗರಲ್ಲಿ ಹೆಚ್ಚಿನವರು ಲೆಬನಾನ್ ಪರ್ವತಪ್ರದೇಶದ ಕ್ರೈಸ್ತರು. ಇಂದಿಗೂ ಮೆರೊನೈಟ್, ಆರ್ಥಡಾಕ್ಸ್, ಕಾಪ್ಟಿಕ್ ಕ್ರೈಸ್ತರು, ಡ್ರೂಝ್ ಪಂಥದವರು, ಸುನ್ನಿಗಳು, ಶಿಯಾಗಳು ಎಲ್ಲರೂ ಇದ್ದಾರೆ. ಡೆಟ್ರಾಯಿಟ್ ಸುತ್ತ ದೊಡ್ಡ ಸಂಖ್ಯೆಯಲ್ಲಿರುವ ಇರಾಕಿನ ಕಾಲ್ಡಿಯನ್ ಕ್ರೈಸ್ತರಲ್ಲಿ ಅನೇಕರು ತಮ್ಮನ್ನು ಅರಬ್ಬರೆಂದೇ ಕರೆದುಕೊಳ್ಳುವುದಿಲ್ಲ. ಅವರ ಮನೆಮಾತು ಅರಮೇಯಿಕ್ ಕುಲಕ್ಕೆ ಸೇರಿದ್ದು. ಅವರನ್ನು ಅರಬ್ ದಂಪತಿಗಳ ತರಗತಿಗೆ ಕರೆದರೆ ಮೊದಲ ಮಾತಿನಲ್ಲೇ ನೋವಾಗಬಹುದು.

ಹೀಗಾಗಿ ನೋಂದಣಿಯ ಮೊದಲ ಮಾತುಕತೆಯಲ್ಲಿ ದೇಶದ ಹೆಸರಿಗೆ ನಿಲ್ಲದೆ ಊರನ್ನು ಕೇಳಿ. ಯಾವ ವರ್ಷ ಬಂದರು, ಇಬ್ಬರೂ ಒಟ್ಟಿಗೆ ಬಂದರೇ ಅಥವಾ ಒಬ್ಬರು ಮೊದಲು ಬಂದು ಇನ್ನೊಬ್ಬರು ವೀಸಾಕ್ಕಾಗಿ ಕಾದರೇ, ಮನೆಯಲ್ಲಿ ಯಾವ ಮಾತು, ಮನೆಯಲ್ಲಿ ಯಾರೆಲ್ಲ ಇದ್ದಾರೆ, ಊರಿನಲ್ಲಿ ಯಾರನ್ನು ಸಾಕುತ್ತಿದ್ದಾರೆ ಎಂಬುದು ತಿಳಿದರೆ ತರಗತಿಯ ಅರ್ಧ ಪಾಠ ತಾನಾಗಿ ಸಿದ್ಧವಾಗುತ್ತದೆ. ಇಲ್ಲೇ ಹುಟ್ಟಿ ಬೆಳೆದ ಲೆಬನೀಸ್ ಹುಡುಗಿಯೊಬ್ಬಳು ಬೆಯ್ರೂತ್‌ನಿಂದ ವರನನ್ನು ತಂದುಕೊಂಡಿದ್ದರೆ, ಭಾಷೆ, ಬ್ಯಾಂಕ್, ಕಾರು, ನೆಂಟರ ಬಳಗ ಎಲ್ಲವೂ ಅವಳ ಕಡೆಗಿರುತ್ತವೆ. ಅಲ್ಲಿ ಒಂಟಿಯಾಗುವವನು ಗಂಡ. ಎಲ್ಲ ಅರಬ್ ಮನೆಗಳಲ್ಲೂ ಗಂಡನದೇ ಯಜಮಾನಿಕೆ ಎಂದು ಭಾವಿಸಿ ಹೊರಟವರು ಇಂಥ ದಂಪತಿಯನ್ನು ಪೂರ್ತಿ ತಪ್ಪಾಗಿ ಓದುತ್ತಾರೆ.

ಕನ್ನಡಿಗರಾದ ನಮಗೊಂದು ವಿಶೇಷ ಎಚ್ಚರಿಕೆ ಬೇಕು. ನಿಕಾಹ್, ಮಹರ್ (ವರ ವಧುವಿಗೆ ಕೊಡಬೇಕಾದ ಹಣ), ತಲಾಖ್, ಖುಲಾ (ಹೆಂಡತಿ ಕೋರುವ ವಿಚ್ಛೇದನ) ಎಂಬ ಪದಗಳು ನಮಗೆ ಪರಿಚಿತವಾದ್ದರಿಂದ ವಿಷಯವೂ ಪರಿಚಿತ ಎಂದು ತೋರುತ್ತದೆ. ಆದರೆ ನಮ್ಮಲ್ಲಿ ಮಹರ್ ಎಷ್ಟೋ ಮದುವೆಗಳಲ್ಲಿ ಹೆಸರಿಗಷ್ಟೇ ಉಳಿದು, ವರದಕ್ಷಿಣೆಯ ಭಾರ ಹೆಣ್ಣಿನ ಮನೆಯ ಮೇಲೆ ಬೀಳುತ್ತದೆ. ಅರಬ್ ಮುಸ್ಲಿಮರ ಮದುವೆಯಲ್ಲಿ ಮಹರ್ ಕೊಡಬೇಕಾದವನು ವರ, ಮೊತ್ತವನ್ನು ಎರಡೂ ಮನೆಯವರು ಕೂತು ಚೌಕಾಸಿ ಮಾಡಿ ಗೊತ್ತುಪಡಿಸುತ್ತಾರೆ. ಸಿರಿಯಾ, ಲೆಬನಾನ್, ಜೋರ್ಡಾನ್‌ಗಳಲ್ಲಿ ಮದುವೆಯ ವೇಳೆ ಕೊಡುವ ಮುಂಗಡ ಭಾಗ ಮತ್ತು ತಲಾಖ್ ಅಥವಾ ಗಂಡನ ಮರಣದ ಹೊತ್ತಿಗೆ ಸಲ್ಲಬೇಕಾದ ಬಾಕಿ ಭಾಗ ಎಂದು ಅದನ್ನು ಎರಡಾಗಿ ಕರಾರಿನಲ್ಲಿ ಬರೆಯುವ ರೂಢಿಯಿದೆ. ಇದನ್ನು ವಧುದಕ್ಷಿಣೆ, ಹೆಣ್ಣಿನ ಬೆಲೆ ಎಂದೆಲ್ಲ ಕರೆದುಬಿಟ್ಟರೆ, ಹೆಂಡತಿ ತನ್ನ ಹಕ್ಕೆಂದು ಭಾವಿಸಿದ್ದನ್ನು ನೀವು ಅವಮಾನವೆಂದು ಅವಳಿಗೇ ಹೇಳಿದಂತಾಗುತ್ತದೆ.

ಎರಡನೆಯ ಹೆಜ್ಜೆ: ಸಮುದಾಯದ ವಿಶ್ವಾಸ ಪಡೆಯಿರಿ

ಪಠ್ಯ ಸಿದ್ಧಪಡಿಸುವುದಕ್ಕೆ ಮೊದಲೇ ಸಮುದಾಯದ ಕೆಲವರನ್ನು ಸಲಹೆಗಾರರಾಗಿ ಜೊತೆಗೆ ಸೇರಿಸಿಕೊಳ್ಳಿ. ಇಮಾಮರು, ಪಾದ್ರಿಗಳು ಇರಲೇಬೇಕು. ಅವರ ಒಂದು ಒಳ್ಳೆಯ ಮಾತಿಗೆ ನೂರು ಕರಪತ್ರಗಳಿಗಿಂತ ಹೆಚ್ಚು ಬೆಲೆ. ಆದರೆ ಅವರಷ್ಟೇ ಇದ್ದರೆ ಸಲಹಾ ಮಂಡಳಿಯೆಂಬುದು ಹಿರಿಯ ಗಂಡಸರ ಕೂಟವಾಗುತ್ತದೆ. ವಲಸಿಗರಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕಿ, ಶಾಲೆಯಲ್ಲಿ ಪೋಷಕರೊಡನೆ ವ್ಯವಹರಿಸುವ ಅರಬ್ ಮಹಿಳೆ, ಹೆರಿಗೆ ವಿಭಾಗದ ನರ್ಸ್, ಮದುವೆಯಾಗಿ ಐದಾರು ವರ್ಷವಾದ ತರುಣ ದಂಪತಿ, ಇಂಥವರಿಗೆ ಮನೆಗಳ ಒಳಗಿನ ಸ್ಥಿತಿ ಗೊತ್ತಿರುತ್ತದೆ. ಡಿಯರ್‌ಬಾರ್ನ್‌ನಲ್ಲಿ 1971ರಲ್ಲಿ ಆರಂಭವಾದ ಆಕ್ಸೆಸ್ ಸಂಸ್ಥೆಯಂತೆ ಕೆಲಸದ ನೆರವು, ಆರೋಗ್ಯ, ಮಾನಸಿಕ ಸ್ವಾಸ್ಥ್ಯ ಎಲ್ಲವನ್ನೂ ಒಂದೇ ಸೂರಿನಡಿ ಕೊಡುವ ಸಂಸ್ಥೆ ನಿಮ್ಮ ಊರಿನಲ್ಲಿದ್ದರೆ ಅಲ್ಲೇ ತರಗತಿ ನಡೆಸುವುದು ಉತ್ತಮ. ಅಂಥ ಕಟ್ಟಡದ ಬಾಗಿಲಲ್ಲಿ ಕಂಡವರನ್ನು ನೋಡಿ ಸಂಸಾರದಲ್ಲಿ ಏನೋ ತೊಂದರೆಯಿರಬೇಕು ಎಂದು ಯಾರೂ ಅಂದುಕೊಳ್ಳುವುದಿಲ್ಲ.

ನಾಲ್ಕು ಜನ ಏನೆಂದಾರು ಎಂಬ ಅಳುಕು ನಮಗೆ ಹೊಸದಲ್ಲ, ಅರಬ್ಬರಿಗೂ ಹೊಸದಲ್ಲ. ಮನೆಯ ಗುಟ್ಟು ಹೊರಗೆ ಹೋಗಬಾರದು ಎಂಬುದು ಅಲ್ಲಿ ಮರ್ಯಾದೆಯ ಪ್ರಶ್ನೆ. ಆದ್ದರಿಂದ ತರಗತಿಯ ಹೆಸರಿನಲ್ಲಿ ಚಿಕಿತ್ಸೆ, ಸಮಸ್ಯೆ, ಸಮಾಲೋಚನೆ ಎಂಬ ಪದಗಳು ಬೇಡ. ಹೊಸ ದೇಶದಲ್ಲಿ ಸಂಸಾರ, ಕುಟುಂಬ ಕೌಶಲ ಎಂಬಂಥ ಹೆಸರುಗಳು ಕೆಲಸಕ್ಕೆ ಬರುತ್ತವೆ. ಮಕ್ಕಳನ್ನು ಬೆಳೆಸುವ ವಿಷಯದಿಂದ ಆರಂಭಿಸಿದರೆ ಗಂಡಸರೂ ಸಂಕೋಚವಿಲ್ಲದೆ ಬರುತ್ತಾರೆ, ಏಕೆಂದರೆ ಮಕ್ಕಳಿಗಾಗಿ ಬಂದೆ ಎನ್ನುವುದು ಎಲ್ಲಿಯೂ ಹೇಳಿಕೊಳ್ಳಬಹುದಾದ ಕಾರಣ.

ಕಾಗದಪತ್ರಗಳ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರ ಜನವರಿಯಲ್ಲಿ ಹೊರಟ ಅಧ್ಯಕ್ಷೀಯ ಆದೇಶ ಇರಾಕ್, ಸಿರಿಯಾ, ಯೆಮೆನ್, ಲಿಬಿಯಾ, ಸುಡಾನ್ ಸೇರಿದಂತೆ ಏಳು ದೇಶಗಳವರ ಪ್ರವೇಶವನ್ನು ತಡೆಯಿತು. ಪಟ್ಟಿ ಬದಲಾಗುತ್ತ ಹೋದರೂ ನಿರ್ಬಂಧ 2021ರ ಜನವರಿಯವರೆಗೆ ಉಳಿಯಿತು. ಆ ವರ್ಷಗಳಲ್ಲಿ ಗಂಡ ಮಿಷಿಗನ್‌ನಲ್ಲಿ, ಹೆಂಡತಿ ಮಕ್ಕಳು ಜಿಬೂಟಿಯಲ್ಲೋ ಕೈರೋದಲ್ಲೋ ಕಾಯುತ್ತ ಕಳೆದ ಯೆಮೆನಿ ಸಂಸಾರಗಳಿವೆ. ಸರ್ಕಾರದ ಹಣದಲ್ಲಿ ನಡೆಯುವ ತರಗತಿಯ ಅರ್ಜಿಯಲ್ಲಿ ದಾಂಪತ್ಯದ ಬಗ್ಗೆ ಪ್ರಶ್ನೆ ಕಂಡರೆ ಇಂಥವರಿಗೆ ವಲಸೆ ಇಲಾಖೆಯ ನೆನಪಾಗುವುದು ಸಹಜ. ಯಾವ ಮಾಹಿತಿ ಯಾರ ಕೈಗೆ ಹೋಗುತ್ತದೆ, ಯಾವುದು ಎಂದಿಗೂ ಹೋಗುವುದಿಲ್ಲ, ಮಕ್ಕಳ ಮೇಲಿನ ದೌರ್ಜನ್ಯ ತಿಳಿದುಬಂದರೆ ಕಾನೂನಿನ ಪ್ರಕಾರ ನೀವು ಏನು ಮಾಡಲೇಬೇಕು ಎಂಬುದನ್ನು ಬಾಯಿಮಾತಿನಲ್ಲಿ, ಅವರ ಆಡುಮಾತಿನಲ್ಲಿ, ಸಹಿಗೆ ಮೊದಲೇ ತಿಳಿಸಿ.

ವೇಳೆಯ ವಿಷಯ ಚಿಕ್ಕದಾದರೂ ತರಗತಿ ಉಳಿಯುವುದೂ ಅಳಿಯುವುದೂ ಅದರ ಮೇಲೆ. ಪೆಟ್ರೋಲ್ ಬಂಕು, ದಿನಸಿ ಅಂಗಡಿ ನಡೆಸುವವರಿಗೆ ಸಂಜೆ ಬಿಡುವಿರುವುದಿಲ್ಲ. ಶುಕ್ರವಾರದ ಜುಮಾ ನಮಾಜು, ಭಾನುವಾರದ ಚರ್ಚಿನ ಪೂಜೆಗಳನ್ನು ಬಿಟ್ಟು ದಿನ ಗೊತ್ತುಮಾಡಿ. ರಂಜಾನ್ ಪ್ರತಿವರ್ಷ 10–11 ದಿನ ಹಿಂದಕ್ಕೆ ಸರಿಯುವುದರಿಂದ ಹಿಂದಿನ ವರ್ಷದ ವೇಳಾಪಟ್ಟಿಯನ್ನು ಹಾಗೇ ಬಳಸುವಂತಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮತ್ತು ಹಲಾಲ್ ಊಟ ಖರ್ಚಿನ ಪಟ್ಟಿಯಲ್ಲಿ ಮೊದಲು ಬರಬೇಕು. ಫೋಟೊ ತೆಗೆಯಬೇಡಿ.

ಮೂರನೆಯ ಹೆಜ್ಜೆ: ಸೇರಿಸಿಕೊಳ್ಳುವ ಮೊದಲು ಇಬ್ಬರೊಡನೆಯೂ ಪ್ರತ್ಯೇಕವಾಗಿ ಮಾತನಾಡಿ

ಇಡೀ ಕಾರ್ಯಕ್ರಮದಲ್ಲಿ ಬಿಟ್ಟುಕೊಡಲಾಗದ ಹೆಜ್ಜೆ ಇದೊಂದೇ ಎಂದು ನಾನು ಭಾವಿಸುತ್ತೇನೆ. ದಾಂಪತ್ಯ ಶಿಕ್ಷಣವು ಪರಸ್ಪರ ಭಯವಿಲ್ಲದ ದಂಪತಿಗಳಿಗಾಗಿ ರೂಪುಗೊಂಡದ್ದು. ಹೊಡೆತ, ಬೆದರಿಕೆ, ಬಲವಂತ ಇರುವ ಮನೆಯ ಹೆಂಡತಿಯನ್ನು ತರಗತಿಯಲ್ಲಿ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿ ಎಂದರೆ, ಆ ಮಾತಿನ ಬೆಲೆಯನ್ನು ಅವಳು ರಾತ್ರಿ ಮನೆಯಲ್ಲಿ ತೆರಬೇಕಾಗುತ್ತದೆ. ಮೇಲೆ ಹೇಳಿದ 2005ರ ಕಾಯ್ದೆಯೂ ಭಾಗವಹಿಸುವಿಕೆ ಸ್ವಯಂಪ್ರೇರಿತವಾಗಿರಬೇಕು, ಕೌಟುಂಬಿಕ ಹಿಂಸೆಯನ್ನು ಹೇಗೆ ಗಮನಿಸುತ್ತೇವೆ ಎಂಬುದನ್ನು ಸಂಸ್ಥೆ ಮೊದಲೇ ತಿಳಿಸಬೇಕು ಎಂದು ವಿಧಿಸಿದೆ.

ಗಂಡನೊಡನೆ ಗಂಡಸು, ಹೆಂಡತಿಯೊಡನೆ ಹೆಂಗಸು ಬೇರೆ ಬೇರೆ ಕೋಣೆಯಲ್ಲಿ, ಒಂದೇ ವೇಳೆಗೆ ಮಾತನಾಡುವುದು ಒಳ್ಳೆಯದು. ಎಲ್ಲರಿಗೂ ಹೀಗೇ ಮಾಡುತ್ತೇವೆ ಎಂದು ಮೊದಲೇ ಹೇಳಿದರೆ ಸಂಶಯ ಬರುವುದಿಲ್ಲ. ದುಭಾಷಿ ಬೇಕಾದರೆ ನೆಂಟರು, ನೆರೆಯವರು, ಅದೇ ಮಸೀದಿ ಅಥವಾ ಚರ್ಚಿನವರು ಬೇಡ. ಮಕ್ಕಳಂತೂ ಕೂಡದೇ ಕೂಡದು. ಬೇರೆ ಊರಿನಿಂದ ಫೋನಿನಲ್ಲಿ ಹೆಸರು ಹೇಳದೆ ಅನುವಾದಿಸುವವರು ಎದುರಿಗೆ ಕೂತ ಪರಿಚಿತರಿಗಿಂತ ಎಷ್ಟೋ ಮೇಲು.

ನಿಮ್ಮ ಗಂಡ ನಿಮ್ಮನ್ನು ಹಿಂಸಿಸುತ್ತಾರೆಯೇ ಎಂದು ನೇರವಾಗಿ ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ನಡೆದದ್ದನ್ನು ಕೇಳಿ. ಜಗಳವಾದಾಗ ಏನಾಗುತ್ತದೆ? ಕೊನೆಯ ಸಲ ಜಗಳವಾದಾಗ ಮಕ್ಕಳು ಎಲ್ಲಿದ್ದರು? ನಿಮ್ಮ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಯಾರ ಬಳಿಯಿದೆ? ಅಮ್ಮನಿಗೆ ಫೋನ್ ಮಾಡಬೇಕಾದರೆ ಯಾರನ್ನಾದರೂ ಕೇಳಬೇಕೇ? ನಿಮ್ಮನ್ನು ವಾಪಸ್ ಊರಿಗೆ ಕಳಿಸುತ್ತೇನೆ ಎಂದು ಯಾರಾದರೂ ಹೇಳಿದ್ದುಂಟೇ? ಈ ಕೊನೆಯ ಪ್ರಶ್ನೆಗೆ ವಲಸೆ ಬಂದ ಹೆಂಡತಿಯ ಬದುಕಿನಲ್ಲಿ ದೊಡ್ಡ ತೂಕವಿದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಪಡೆದವರಿಗೆ ಅದು ಎರಡು ವರ್ಷದ ಷರತ್ತಿನ ಮೇಲೆ ಸಿಗುತ್ತದೆ. ಅವಧಿ ಮುಗಿಯುವ ಮೊದಲಿನ 90 ದಿನಗಳಲ್ಲಿ ಆ ಷರತ್ತನ್ನು ತೆಗೆಯುವಂತೆ ಕೋರುವ ಐ-751 ಅರ್ಜಿಯನ್ನು ಇಬ್ಬರೂ ಕೂಡಿ ಸಲ್ಲಿಸಬೇಕು. ನಾನು ಸಹಿ ಹಾಕದಿದ್ದರೆ ನಿನ್ನ ಗತಿ ಮುಗಿಯಿತು ಎಂಬ ಬೆದರಿಕೆ ಹುಟ್ಟುವುದು ಇಲ್ಲಿಂದ. ಹಿಂಸೆಗೆ ಒಳಗಾದ ಸಂಗಾತಿ ಒಬ್ಬರೇ ವಿನಾಯಿತಿ ಕೋರಿ ಈ ಅರ್ಜಿ ಸಲ್ಲಿಸಬಹುದು, 1994ರ ಮಹಿಳೆಯರ ಮೇಲಿನ ಹಿಂಸೆ ತಡೆ ಕಾಯ್ದೆಯಡಿ ಅರ್ಹರು ತಾವೇ ಸ್ವತಂತ್ರವಾಗಿ ಅರ್ಜಿ ಹಾಕಿಕೊಳ್ಳಬಹುದು ಎಂಬ ಸಂಗತಿ ಅವಳಿಗೆ ತಿಳಿದಿರುವುದಿಲ್ಲ. ಕಾನೂನಿನ ಸಲಹೆ ಕೊಡುವುದು ವಕೀಲರ ಕೆಲಸವಾದರೂ ಇಂಥ ದಾರಿಯೊಂದಿದೆ ಎಂದು ಹೇಳುವುದು ನಿಮ್ಮ ಕರ್ತವ್ಯ. ಕೌಟುಂಬಿಕ ಹಿಂಸೆಗೆ ಒಳಗಾದವರಿಗಾಗಿ ಅಮೆರಿಕದಲ್ಲಿರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1-800-799-7233. ಅದನ್ನು ಪ್ರತ್ಯೇಕ ಚೀಟಿಯಲ್ಲಿ ಕೊಡದೆ, ಶಾಲೆ, ಆಸ್ಪತ್ರೆ, ಗ್ರಂಥಾಲಯಗಳ ಸಂಖ್ಯೆಗಳ ನಡುವೆ ಸೇರಿಸಿದ ಪಟ್ಟಿಯಲ್ಲಿ ಎಲ್ಲರಿಗೂ ಕೊಡಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ನಮ್ಮ ಗಾದೆ ಸಣ್ಣಪುಟ್ಟ ಮುನಿಸಿಗೆ ಸರಿ. ಅದೇ ಮಾತನ್ನು ಹೊಡೆತಕ್ಕೂ ಅನ್ವಯಿಸುವವರು ನಮ್ಮಲ್ಲಿರುವಂತೆ ಅರಬ್ಬರಲ್ಲೂ ಇದ್ದಾರೆ. ಹೆಂಡತಿಗೆ ಸಹನೆಯನ್ನೇ ಬೋಧಿಸುವ ಹಿರಿಯರಿಗೆ ಎರಡೂ ಕಡೆ ಕೊರತೆಯಿಲ್ಲ. ಇದು ಅವರ ಸಂಸ್ಕೃತಿ ಎಂದು ಹೇಳಿ ಹಿಂಸೆಯನ್ನು ಕಂಡೂ ಕಾಣದಂತಿರುವುದು ಸಂಸ್ಕೃತಿಗೆ ತೋರಿದ ಗೌರವವಾಗುವುದಿಲ್ಲ. ಅದು ಅದೇ ಸಂಸ್ಕೃತಿಯ ಹೆಣ್ಣುಮಗಳೊಬ್ಬಳನ್ನು ಕೈಬಿಟ್ಟಂತೆ. ಭಯದ ಸುಳಿವು ಕಂಡರೆ ದಂಪತಿಯನ್ನು ತರಗತಿಗೆ ಸೇರಿಸದೆ, ಜಾಗ ಭರ್ತಿಯಾಗಿದೆ ಎಂಬಂಥ ತಟಸ್ಥ ಕಾರಣ ಹೇಳಿ, ಅವಳಿಗೆ ಬೇರೆ ನೆರವಿನ ದಾರಿ ತೋರಿಸಿ. ಅವಳು ಹೇಳಿದ ಒಂದು ಮಾತೂ ಗಂಡನೊಡನೆ ನೀವಾಡುವ ಮಾತಿನಲ್ಲಿ ನುಸುಳಬಾರದು.

ನಾಲ್ಕನೆಯ ಹೆಜ್ಜೆ: ಕೋಣೆ ಮತ್ತು ನಡೆಸುವವರು

ಒಬ್ಬ ಗಂಡಸು, ಒಬ್ಬ ಹೆಂಗಸು ಕೂಡಿ ತರಗತಿ ನಡೆಸಲಿ; ಇಬ್ಬರಲ್ಲಿ ಒಬ್ಬರಾದರೂ ಅರೇಬಿಕ್ ಮನೆಮಾತಿನವರಾಗಿರಲಿ. ಕೈಕುಲುಕಲು ನೀವಾಗಿ ಕೈ ಚಾಚಬೇಡಿ, ಎದೆಯ ಮೇಲೆ ಕೈಯಿಟ್ಟು ವಂದಿಸಿದರೆ ಸಾಕು. ಹಿರಿಯ ಮಗನ ಹೆಸರಿನಿಂದ ತಂದೆಯನ್ನು ಅಬು ಕರೀಂ, ತಾಯಿಯನ್ನು ಉಮ್ ಕರೀಂ ಎಂದು ಕರೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅವರು ಹಾಗೆ ಬಯಸಿದರೆ ಹಾಗೆಯೇ ಕರೆಯಿರಿ, ಮಕ್ಕಳಿಲ್ಲದವರನ್ನು ಹೇಗೆ ಕರೆಯಬೇಕೆಂದು ಮುಂಚಿತವಾಗಿ ಒಂಟಿಯಾಗಿ ಕೇಳಿಟ್ಟುಕೊಳ್ಳಿ. ದಂಪತಿಗಳು ಕೂತುಕೊಳ್ಳುವ ಬಗೆಯನ್ನು ಅವರಿಗೇ ಬಿಡಿ. ಮೊದಲ ಅರ್ಧ ಗಂಟೆ ಚಹಾ, ಖರ್ಜೂರಗಳಿಗೆ ಮೀಸಲು. ಅದು ವೇಳೆಯ ಪೋಲಲ್ಲ. ಹೊಸಬರು ಯಾರು, ಯಾವ ಊರಿನವರು, ಯಾರಿಗೆ ಯಾರು ನೆಂಟರು ಎಂಬುದು ಇತ್ಯರ್ಥವಾಗದೆ ಮುಂದಿನ ಮಾತು ಸಾಗುವುದಿಲ್ಲ.

ಐದನೆಯ ಹೆಜ್ಜೆ: ಪಾಠಗಳನ್ನು ಕಟ್ಟುವುದು

ವಲಸೆಯ ಕಥೆಯಿಂದ ಆರಂಭಿಸಿ. ಊರಿನಲ್ಲಿ ಅವರು ಏನಾಗಿದ್ದರು, ಇಲ್ಲಿ ಏನಾದರು ಎಂದು ಪ್ರತಿಯೊಬ್ಬರೂ ಕಾಗದದ ಮೇಲೆ ಎರಡು ಚಿತ್ರ ಬರೆಯಲಿ ಅಥವಾ ಪಕ್ಕದವರಿಗೆ ಹೇಳಲಿ. ಸಿರಿಯಾದ ಹೋಮ್ಸ್ ನಗರದಲ್ಲಿ ಎಂಜಿನಿಯರ್ ಆಗಿದ್ದವನು ಇಲ್ಲಿ ರಾತ್ರಿಪಾಳಿಯಲ್ಲಿ ಪೆಟ್ರೋಲ್ ಬಂಕಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ; ಊರಿನಲ್ಲಿ ಹೊರಗೆ ದುಡಿಯದಿದ್ದ ಹೆಂಡತಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದು ಗಂಡನಿಗಿಂತ ಬೇಗ ಇಂಗ್ಲಿಷ್ ಕಲಿಯುತ್ತಾಳೆ; ಬ್ಯಾಂಕಿನ ಪತ್ರವನ್ನು ಹತ್ತು ವರ್ಷದ ಮಗ ಓದಿ ಹೇಳುತ್ತಾನೆ. ಮನೆಯ ಸಿಡುಕಿಗೆ ಕಾರಣ ಗಂಡನ ಸ್ವಭಾವವೋ ಹೆಂಡತಿಯ ಹಟವೋ ಎಂದು ತಿಳಿದಿದ್ದವರಿಗೆ, ಮನೆಯೊಳಗಿನ ಸ್ಥಾನಗಳೇ ಅದಲುಬದಲಾಗಿವೆ ಎಂದು ಇತರ ದಂಪತಿಗಳ ಕಥೆ ಕೇಳುವಾಗ ಹೊಳೆಯುತ್ತದೆ. ಈ ಪಾಠಕ್ಕೆ ಒಂದು ವಾರ ಸಾಲದಿದ್ದರೆ ಎರಡು ವಾರ ಕೊಡಿ. ಯುದ್ಧ ಕಂಡು ಬಂದವರಲ್ಲಿ ನಿದ್ದೆಯಿಲ್ಲದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಮಂಕಾಗಿ ಕೂರುವುದು ಕಂಡರೆ ಅವರನ್ನು ವೈದ್ಯರ ಬಳಿಗೆ ಕಳಿಸಿ. ಹಿಂದಿನ ಘಟನೆಗಳನ್ನು ಗುಂಪಿನಲ್ಲಿ ವಿವರವಾಗಿ ಹೇಳಿಸಬೇಡಿ.

ಮಾತುಕತೆಯ ಕೌಶಲ ಈ ಶಿಕ್ಷಣದ ತಿರುಳು. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಮಾರ್ಕ್‌ಮನ್, ಸ್ಕಾಟ್ ಸ್ಟ್ಯಾನ್ಲಿ ಮತ್ತಿತರರು ರೂಪಿಸಿದ ಪ್ರೆಪ್ ಪಠ್ಯಕ್ರಮದಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಂಡು, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವ ಅಭ್ಯಾಸವಿದೆ. ನೀನು ಹೀಗೆ ಮಾಡಿದಾಗ ನನಗೆ ಹೀಗನಿಸುತ್ತದೆ ಎಂಬ ಧಾಟಿಯಲ್ಲಿ ದೂರು ಹೇಳಲು ಕಲಿಸುತ್ತಾರೆ. ಈ ಅಭ್ಯಾಸವನ್ನು ಅರಬ್ ದಂಪತಿಗಳಿಗೆ ಒಗ್ಗಿಸುವುದು ಹೇಗೆಂದು ಒಂದು ಕಲ್ಪಿತ ಜೋಡಿಯ ಮೂಲಕ ನೋಡೋಣ.

ಅಬು ಕರೀಂ ಜೋರ್ಡಾನಿನ ಅಮ್ಮಾನ್ ನಗರದಲ್ಲಿರುವ ತಾಯಿಗೆ, ಹೆಂಡತಿಗೆ ತಿಳಿಸದೆ 400 ಡಾಲರ್ ಕಳಿಸಿದ್ದಾನೆ. ಮೂಲ ಪಠ್ಯದ ಪ್ರಕಾರ ಉಮ್ ಕರೀಂ ಎಲ್ಲರೆದುರು ತನ್ನ ಬೇಸರವನ್ನು ಹೇಳಬೇಕು. ಅತ್ತೆಯ ವಿಷಯದ ದೂರನ್ನು ಪರರ ಮುಂದೆ ಆಡುವುದು ಅವಳಿಗೆ ಅಸಭ್ಯ, ಕೇಳಿಸಿಕೊಳ್ಳುವುದು ಅವನಿಗೆ ಅವಮಾನ. ಇಬ್ಬರೂ ಸುಮ್ಮನೆ ನಕ್ಕು ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಆದ್ದರಿಂದ ಗುಂಪಿನಲ್ಲಿ ಮೊದಲು ಬೇರೆಯವರ ಕಥೆಯೊಂದನ್ನು ಹೇಳಿ ಚರ್ಚಿಸಿ, ಆಮೇಲೆ ಪ್ರತಿ ಜೋಡಿಯೂ ತನ್ನ ಮೂಲೆಯಲ್ಲಿ, ಯಾರಿಗೂ ಕೇಳಿಸದಂತೆ ಅಭ್ಯಾಸ ಮಾಡಲಿ. ಮಾತಿನ ಆರಂಭದಲ್ಲಿ ಎದುರಿನವರ ಕರ್ತವ್ಯವನ್ನು ಗುರುತಿಸುವ ಒಂದು ವಾಕ್ಯವನ್ನು ಸೇರಿಸಿ.

"ಅಬು ಕರೀಂ, ಅಮ್ಮನನ್ನು ನೋಡಿಕೊಳ್ಳುವುದು ನಿಮ್ಮ ಕರ್ತವ್ಯ, ಅದಕ್ಕೆ ನಾನು ಅಡ್ಡ ಬರುವವಳಲ್ಲ. ಆದರೆ ಬಾಡಿಗೆಗೆಂದು ತೆಗೆದಿಟ್ಟ ಹಣ ಹೋಗಿರುವುದು ಬ್ಯಾಂಕಿನಿಂದ ಮೆಸೇಜ್ ಬಂದಾಗ ನನಗೆ ಗೊತ್ತಾಯಿತು. ಇನ್ನು ಮುಂದೆ ಕಳಿಸುವ ಮೊದಲು ನನಗೊಂದು ಮಾತು ಹೇಳಿ."

"ಕಳಿಸಬೇಡಿ ಅಂತ ನೀನು ಹೇಳುತ್ತಿಲ್ಲ. ಮೊದಲು ತಿಳಿಸಿ ಅನ್ನುತ್ತಿದ್ದೀಯ."

"ಹೌದು, ಅಷ್ಟೇ."

"ಆದರೆ ಅಮ್ಮ ಫೋನಿನಲ್ಲಿ ಕೇಳಿದಾಗ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅನ್ನುವುದಕ್ಕೆ ನನ್ನಿಂದಾಗುವುದಿಲ್ಲ. ಅಣ್ಣಂದಿರೆಲ್ಲ ಅಲ್ಲೇ ಕೂತಿರುತ್ತಾರೆ."

ಗಂಡನ ಈ ಕೊನೆಯ ಮಾತನ್ನು ದೌರ್ಬಲ್ಯವೆಂದು ತಿದ್ದಲು ಹೋಗಬೇಡಿ. ಇಡೀ ಜಗಳದ ಬೇರು ಅಲ್ಲಿದೆ. ತಾಯಿಯೊಡನೆ ಗಡಿ ಗುರುತಿಸಿಕೊಳ್ಳಿ ಎಂಬ ಸಲಹೆಯನ್ನು ಅವನು ಪಾಲಿಸುವುದಿಲ್ಲ, ಪಾಲಿಸಿದರೆ ತಾಯಿಯನ್ನು ತೊರೆದ ಮಗನಾಗುತ್ತಾನೆ. ತಿಂಗಳಿಗೆ ಇಂತಿಷ್ಟು ಊರಿಗೆಂದು ಇಬ್ಬರೂ ಸೇರಿ ತಿಂಗಳ ಮೊದಲ ದಿನವೇ ತೆಗೆದಿಟ್ಟರೆ, ಫೋನಿನಲ್ಲಿ ಅವನು ಯಾರನ್ನೂ ಕೇಳಬೇಕಾಗುವುದಿಲ್ಲ. "ಈ ತಿಂಗಳದ್ದು ಕಳಿಸಿದ್ದೇನಮ್ಮ, ಮುಂದಿನ ತಿಂಗಳು ನೋಡೋಣ, ಇನ್ಶಾ ಅಲ್ಲಾಹ್" ಎಂದರೆ ತಾಯಿಯ ಮಾತೂ ಉಳಿಯಿತು, ಬಾಡಿಗೆಯ ಹಣವೂ ಉಳಿಯಿತು. ಇಬ್ಬರೂ ಈ ಮಾತನ್ನು ಎರಡು ಮೂರು ಸಲ ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಲಿ. ಒಂದು ವಿಷಯವನ್ನು ಮಾತ್ರ ಗಮನಿಸುತ್ತಿರಿ. ಗೌರವದ ವಾಕ್ಯವನ್ನು ಯಾವಾಗಲೂ ಹೆಂಡತಿಯೇ ಹೇಳುತ್ತ, ಬೇಡಿಕೆಯನ್ನು ಯಾವಾಗಲೂ ಗಂಡನೇ ಇಡುತ್ತಿದ್ದರೆ ಅಭ್ಯಾಸ ಹಾದಿ ತಪ್ಪಿದೆ. ಸರದಿ ಬದಲಾಯಿಸಿ, ಅಗತ್ಯವೆನಿಸಿದರೆ ಅವಳೊಡನೆ ಮತ್ತೆ ಒಂಟಿಯಾಗಿ ಮಾತನಾಡಿ.

ಸಿಟ್ಟಿನ ಪಾಠದಲ್ಲಿ ದೇಹದ ಬಗ್ಗೆ ಹೇಳಿ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದು ಕಷ್ಟ, ಕನಿಷ್ಠ 20 ನಿಮಿಷ ದೂರವಿದ್ದು ಬಂದರೆ ಮಾತು ಮುಂದುವರಿಸಬಹುದು ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಸಂಶೋಧನೆಗಳು ಪ್ರಚುರಪಡಿಸಿವೆ. ಮುಸ್ಲಿಂ ದಂಪತಿಗಳಿಗೆ ಇದು ಹೊಸದೆನಿಸುವುದಿಲ್ಲ, ಸಿಟ್ಟು ಬಂದಾಗ ನಿಂತವರು ಕೂರಬೇಕು, ವುಜೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಮಾಡಬೇಕು ಎಂಬ ಪ್ರವಾದಿಯ ಬೋಧನೆ ಅವರಿಗೆ ಗೊತ್ತಿರುತ್ತದೆ. ಹೊರಗೆ ಹೋಗುವವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತೇನೆಂದು ಹೇಳಿ ಹೋಗಬೇಕು ಎಂಬುದನ್ನು ಮಾತ್ರ ಒತ್ತಿ ಹೇಳಿ. ಹೇಳದೆ ಬಾಗಿಲು ಹಾಕಿಕೊಂಡು ಹೋದರೆ ಮನೆಯಲ್ಲಿ ಉಳಿದವರಿಗೆ ಅದು ಶಿಕ್ಷೆ.

ಹಿರಿಯರ ಮಧ್ಯಸ್ಥಿಕೆಯನ್ನು ಹೊರಗಿಡಬೇಡಿ. ಗಂಡ ಹೆಂಡಿರಲ್ಲಿ ಬಿರುಕು ಕಂಡರೆ ಅವನ ಕಡೆಯಿಂದ ಒಬ್ಬ, ಅವಳ ಕಡೆಯಿಂದ ಒಬ್ಬ ಮಧ್ಯಸ್ಥರನ್ನು ನೇಮಿಸಿ ಎಂದು ಕುರ್‌ಆನಿನ 4ನೇ ಅಧ್ಯಾಯದ 35ನೇ ವಚನ ಹೇಳುತ್ತದೆ. ವಲಸೆಯಲ್ಲಿ ಸಾಮಾನ್ಯವಾಗಿ ಇದರ ಒಂದು ಕಾಲು ಮುರಿದಿರುತ್ತದೆ: ಗಂಡನ ಅಣ್ಣತಮ್ಮಂದಿರು ಅದೇ ಬೀದಿಯಲ್ಲಿದ್ದರೆ ಹೆಂಡತಿಯ ಕಡೆಯವರು ಯಾರೂ ಈ ಖಂಡದಲ್ಲೇ ಇಲ್ಲ. ಅವಳ ಪರವಾಗಿ ಮಾತಾಡಬಲ್ಲ, ಅವಳೇ ಆರಿಸಿದ ಒಬ್ಬರು ಇಲ್ಲಿ ಯಾರು, ವಿಡಿಯೊ ಕರೆಯಲ್ಲಿ ಅವಳ ಅಣ್ಣನೋ ಸೋದರಮಾವನೋ ಕೂರಬಹುದೇ ಎಂಬುದನ್ನು ಜಗಳವಿಲ್ಲದ ದಿನಗಳಲ್ಲೇ ದಂಪತಿ ಗೊತ್ತುಮಾಡಿಕೊಂಡು ಬರೆದಿಡಲಿ. ಯಾವ ವಿಷಯ ಹಿರಿಯರವರೆಗೆ ಹೋಗಬಹುದು, ಯಾವುದು ಮಲಗುವ ಕೋಣೆಯಲ್ಲೇ ಉಳಿಯಬೇಕು ಎಂಬುದನ್ನೂ ಅಂದೇ ತೀರ್ಮಾನಿಸಲಿ.

ದೈಹಿಕ ಸಂಬಂಧದ ಪಾಠವನ್ನು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ನಡೆಸಿ, ಸಾಧ್ಯವಾದರೆ ಅರೇಬಿಕ್ ಬಲ್ಲ ವೈದ್ಯರಿಂದ. ಒಪ್ಪಿಗೆಯ ವಿಷಯವನ್ನು ಸಂಕೋಚದಿಂದ ಬಿಟ್ಟುಬಿಡುವಂತಿಲ್ಲ. ಹೆಂಡತಿಯ ಮೇಲಿನ ಅತ್ಯಾಚಾರ 1993ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅಪರಾಧವಾಗಿದೆ ಎಂಬುದು ಎರಡೂ ಗುಂಪುಗಳಿಗೆ ಒಂದೇ ಮಾತಿನಲ್ಲಿ ತಿಳಿಯಬೇಕು.

ಆರನೆಯ ಹೆಜ್ಜೆ: ಧರ್ಮದ ಪ್ರಶ್ನೆಗಳಿಗೆ ಸಿದ್ಧರಾಗಿ

ನೀವು ಫತ್ವಾ ಕೊಡುವವರಲ್ಲ. ಹೆಂಡತಿಯನ್ನು ಶಿಸ್ತಿಗೆ ತರುವ ಬಗ್ಗೆ 4ನೇ ಅಧ್ಯಾಯದ 34ನೇ ವಚನವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ವಿದ್ವಾಂಸರಲ್ಲಿ ಅದರ ವ್ಯಾಖ್ಯಾನದ ಬಗ್ಗೆ ದೀರ್ಘ ಚರ್ಚೆಯಿದೆ. ಅದಕ್ಕೆ ಉತ್ತರಿಸಬೇಕಾದವರು ಸಲಹಾ ಮಂಡಳಿಯಲ್ಲಿರುವ ಇಮಾಮರು, ಅವರು ಏನು ಹೇಳುತ್ತಾರೆಂಬುದು ನಿಮಗೆ ಮೊದಲೇ ತಿಳಿದಿರಬೇಕು. ಕಾನೂನಿನ ವಿಷಯವನ್ನು ನೀವೇ ಹೇಳಿ: ಈ ದೇಶದಲ್ಲಿ ಹೊಡೆಯುವುದು ಅಪರಾಧ. ಪ್ರೀತಿ ಮತ್ತು ಕರುಣೆಯ ಬಗ್ಗೆ ಹೇಳುವ 30ನೇ ಅಧ್ಯಾಯದ 21ನೇ ವಚನ, ಮಗುವಿಗೆ ಹಾಲು ಬಿಡಿಸುವಂಥ ನಿರ್ಧಾರವನ್ನೂ ಪರಸ್ಪರ ಒಪ್ಪಿಗೆ, ಸಮಾಲೋಚನೆಗಳಿಂದ ಕೈಗೊಳ್ಳಬೇಕೆನ್ನುವ 2ನೇ ಅಧ್ಯಾಯದ 233ನೇ ವಚನ ನಿಮ್ಮ ಪಾಠಕ್ಕೆ ಅವರದೇ ಮೂಲದಿಂದ ಸಿಗುವ ಬೆಂಬಲ. ಕ್ರೈಸ್ತ ದಂಪತಿಗಳು ಕೋಣೆಯಲ್ಲಿದ್ದರೆ ಇವುಗಳನ್ನೇ ಆಧಾರವಾಗಿಟ್ಟುಕೊಂಡು ಇಡೀ ತರಗತಿ ನಡೆಸುವುದು ತರವಲ್ಲ. ಕ್ಯಾಥೊಲಿಕ್ ಚರ್ಚುಗಳಲ್ಲಿ ಮದುವೆಪೂರ್ವ ಸಿದ್ಧತಾ ತರಗತಿ ಮೊದಲಿನಿಂದ ಇರುವುದರಿಂದ ಪಾದ್ರಿಗಳು ಒಳ್ಳೆಯ ಜೊತೆಗಾರರಾಗುತ್ತಾರೆ. ಮಸೀದಿಯಲ್ಲಿ ಆದ ತಲಾಖ್ ನ್ಯಾಯಾಲಯದ ವಿಚ್ಛೇದನವಾಗುವುದಿಲ್ಲ, ನ್ಯಾಯಾಲಯದ ವಿಚ್ಛೇದನ ಆದಮಾತ್ರಕ್ಕೆ ಮಸೀದಿಯ ದೃಷ್ಟಿಯಲ್ಲಿ ಹೆಣ್ಣು ಬಿಡುಗಡೆಯಾಗದೆಯೂ ಇರಬಹುದು ಎಂಬ ವಾಸ್ತವವನ್ನು ಮುಸ್ಲಿಂ ದಂಪತಿಗಳಿಗೆ ತಿಳಿಸಿ.

ಏಳನೆಯ ಹೆಜ್ಜೆ: ಫಲವನ್ನು ಅಳೆಯುವುದು, ಮುಂದೆ ನಡೆಸುವುದು

ತರಗತಿಯ ಕೊನೆಯ ದಿನ ತೃಪ್ತಿಯಾಯಿತೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಉಂಡ ಮನೆಯ ಅಡುಗೆಯನ್ನು ಎದುರಿಗೆ ದೂರುವುದು ಅತಿಥಿಗೆ ಸಲ್ಲದು. ಮೂರು ತಿಂಗಳು ಬಿಟ್ಟು ಇಬ್ಬರನ್ನೂ ಬೇರೆ ಬೇರೆ ಕರೆದು ನಡೆದ ಸಂಗತಿ ಕೇಳಿ: ಕಳೆದ ತಿಂಗಳು ಊರಿಗೆ ಎಷ್ಟು ಕಳಿಸಬೇಕೆಂದು ಯಾರು ತೀರ್ಮಾನಿಸಿದರು, ಕೊನೆಯ ಜಗಳ ಎಷ್ಟು ಹೊತ್ತು ನಡೆಯಿತು, ಮೊದಲು ಮಾತಾಡಿಸಿದವರು ಯಾರು. ಮುದ್ರಿತ ಪ್ರಶ್ನಾವಳಿ ಬಳಸುವುದಾದರೆ ಒಬ್ಬರು ಅರೇಬಿಕ್‌ಗೆ ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ತಿರುಗಿಸಲಿ, ವ್ಯತ್ಯಾಸ ಕಂಡಲ್ಲಿ ತಿದ್ದಿ. ಓದುಬರಹ ಬಾರದವರಿಗೆ ಪ್ರಶ್ನೆಗಳನ್ನು ಆಡುಮಾತಿನಲ್ಲಿ ಓದಿ ಹೇಳಿ. ವರದಿ ಬರೆಯುವಾಗ ಒಂದು ಅಡಚಣೆ ಎದುರಾಗುತ್ತದೆ. ಅಮೆರಿಕದ ಸರ್ಕಾರಿ ನಮೂನೆಗಳಲ್ಲಿ ಅರಬ್ಬರನ್ನು ಬಿಳಿಯರೊಡನೆ ಎಣಿಸಲಾಗುತ್ತಿತ್ತು, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕ ಎಂಬ ಪ್ರತ್ಯೇಕ ವರ್ಗವನ್ನು ಕೇಂದ್ರ ಸರ್ಕಾರ ಅಂಗೀಕರಿಸಿದ್ದು 2024ರ ಮಾರ್ಚ್‌ನಲ್ಲಿ. ಹಳೆಯ ನಮೂನೆಗಳಲ್ಲಿ ಇವರ ಸಂಸಾರಗಳ ಲೆಕ್ಕ ಸಿಗುವುದಿಲ್ಲವಾದ್ದರಿಂದ ನಿಮ್ಮ ದಾಖಲೆಯನ್ನು ನೀವೇ ಊರು, ಭಾಷೆಗಳ ಸಮೇತ ಇಟ್ಟುಕೊಳ್ಳಿ.

ಎರಡು ಮೂರು ಸುತ್ತು ತರಗತಿಗಳಾದ ಮೇಲೆ, ಕಲಿತದ್ದನ್ನು ಮನೆಯಲ್ಲಿ ನಡೆಸುತ್ತಿರುವ ಒಂದಿಬ್ಬರು ದಂಪತಿಗಳನ್ನು ಗುರುತಿಸಿ, ಅವರಿಗೆ ತರಬೇತಿ ಮತ್ತು ಸಂಭಾವನೆ ಕೊಟ್ಟು ಮುಂದಿನ ತರಗತಿಗಳನ್ನು ಅವರ ಕೈಗೆ ಒಪ್ಪಿಸುತ್ತ ಬನ್ನಿ. ಸುರಕ್ಷತೆಯ ಪ್ರತ್ಯೇಕ ಮಾತುಕತೆಯನ್ನು ಮಾತ್ರ ಅವರಿಗೆ ವಹಿಸಬೇಡಿ. ಒಂದೇ ಸಮುದಾಯದೊಳಗೆ ಬಾಳುವವರಿಗೆ ಅಂಥ ಗುಟ್ಟನ್ನು ಹೊರುವುದು ಭಾರ, ಹೇಳಿಕೊಳ್ಳುವವರಿಗೂ ಭಯ; ಆ ಕೆಲಸ ತರಬೇತಾದ ಹೊರಗಿನವರ ಬಳಿಯೇ ಇರಲಿ.